ಯಾರನ್ನು ಕೈಬಿಡುವುದು: ಸೇವಾ ಹಿರಿತನವೋ, ಕೆಲಸದ ಅಂಕವೋ?

ತುಮಕೂರಿನ ವಸಂತನರಸಾಪುರದಲ್ಲಿ ನೀವು ಬಿಡಿಭಾಗಗಳ ಘಟಕ ನಡೆಸುತ್ತಿದ್ದೀರಿ ಎಂದುಕೊಳ್ಳಿ. ಆರ್ಡರ್ ಕುಸಿದಿದೆ, ಕೆಲವರನ್ನು ತೆಗೆಯದೆ ವಿಧಿಯಿಲ್ಲ. ಯಾರನ್ನು?

ಕೊನೆಗೆ ಬಂದವರು ಮೊದಲು ಹೊರಗೆ ಎಂಬುದು ಒಂದು ದಾರಿ. ಕಾರ್ಮಿಕರ ವಿಷಯದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆ ಇದನ್ನೇ ಸಾಮಾನ್ಯ ನಿಯಮ ಮಾಡಿತ್ತು; 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಲೆಕ್ಕ ಆಯಾ ವರ್ಗದೊಳಗೇ: ಫಿಟರ್‌ಗಳದ್ದು ಬೇರೆ, ಪ್ಯಾಕಿಂಗ್‌ನವರದ್ದು ಬೇರೆ. ಸೇರಿದ ದಿನಾಂಕವನ್ನು ಯಾರ ಮುನಿಸೂ ಬದಲಿಸಲಾರದು. ಇದರ ದೊಡ್ಡ ಗುಣವೇ ಅದು. ಆದರೆ ಐಟಿಐ ಮುಗಿಸಿ ಬಂದು ಸಿಎನ್‌ಸಿ ಯಂತ್ರದಲ್ಲಿ ಕೈ ಪಳಗಿಸಿಕೊಂಡ ಹುಡುಗನನ್ನೇ ಮೊದಲು ಕಳೆದುಕೊಳ್ಳಬೇಕಾದೀತು.

ಇನ್ನೊಂದು, ಅಂಕ ನೋಡಿ ತೆಗೆಯುವುದು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ರೇಟಿಂಗ್, ಕೈಯಲ್ಲಿರುವ ಪ್ರಾಜೆಕ್ಟ್, ಸಂಬಳದ ಭಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೌಶಲ ಉಳಿಯುತ್ತದೆ, ನಿಜ. ಆದರೆ ಸಣ್ಣ ಘಟಕದಲ್ಲಿ ಅಂಕ ಹಾಕುವವನು ಒಬ್ಬನೇ ಸೂಪರ್‌ವೈಸರ್. ಹೆರಿಗೆ ರಜೆ ಮುಗಿಸಿ ಬಂದವಳು, ಓವರ್‌ಟೈಮ್ ಹಣ ಕೇಳಿದವನು ಪಟ್ಟಿಯ ತಳಕ್ಕೆ ಬೀಳುತ್ತಾರೆ. ಅದು ಅನ್ಯಾಯ, ಕೋರ್ಟಿನಲ್ಲೂ ನಿಲ್ಲುವುದು ಕಷ್ಟ.

ನನ್ನ ಸಲಹೆ: ಹಿರಿತನವನ್ನೇ ಆಧಾರ ಮಾಡಿಕೊಳ್ಳಿ. ಒಬ್ಬಿಬ್ಬರನ್ನು ಉಳಿಸಿಕೊಳ್ಳಲೇಬೇಕೆಂದರೆ ಕಾರಣವನ್ನು ಬರೆದಿಡಿ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ.

ಯಾವ ದಾರಿಯಾದರೂ, ಒಂದು ವರ್ಷ ಸತತ ದುಡಿದ ಕಾರ್ಮಿಕರಿಗೆ ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಲೇಬೇಕು.