ಸಿಗ್ನಲ್‌ನಲ್ಲಿ ಬಂದ್ ಬೀಳುವ ಹಳೆ ಆಟೋಮ್ಯಾಟಿಕ್ ಗಾಡಿ: ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುನ್ನ

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ 2005ರ ಆಟೋಮ್ಯಾಟಿಕ್ ಪೆಟ್ರೋಲ್ ಗಾಡಿಯೊಂದರ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಹೊಸ ಕ್ಲಚ್ ಪ್ಲೇಟು, ಸೀಲು ಹಾಕಿ ಕೊಟ್ಟರು. ಅದಕ್ಕೂ ಮೊದಲು ಬೇರೆ ಕಡೆ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಬದಲಾಗಿದ್ದವು. ಖರ್ಚು ಅರ್ಧ ಲಕ್ಷ ದಾಟಿತ್ತು. ಗಾಡಿ ಕೈಗೆ ಬಂದ ದಿನವೇ, ಧಾರವಾಡಕ್ಕೆ ಹೋಗಿ ವಾಪಸ್ ಬರುವಾಗ ಉಣಕಲ್ ಸಿಗ್ನಲ್‌ನಲ್ಲಿ ಗಡಗಡ ನಡುಗಿ ಮತ್ತೆ ಬಂದ್ ಬಿತ್ತು. ಹಿಂದೆ ಲಾರಿ ಇತ್ತು. ಕೆಟ್ಟಿದ್ದದ್ದು ಗೇರ್‌ಬಾಕ್ಸಿನ ಹೊರಮೈಗೆ ಬೋಲ್ಟಿನಲ್ಲಿ ಕೂತಿರುವ, ಮುಷ್ಟಿಯೊಳಗೆ ಹಿಡಿಸುವ ಒಂದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವ್. ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿದವರು ಅದನ್ನೇ ಒರೆಸಿ ಮತ್ತೆ ಕೂಡಿಸಿದ್ದರು.

ಇದು ಒಂದೇ ಗಾಡಿಗೆ ಬರುವ ಕಷ್ಟವಲ್ಲ. "ಗೇರ್‌ಬಾಕ್ಸ್ ಹೋಗೈತ್ರಿ ಸರ, ಇಳಸಬೇಕು" ಅಂದರೆ ತಕ್ಷಣ ಹೂಂ ಅನ್ನಬೇಡಿ. ಅದಕ್ಕೂ ಮೊದಲು ಮಾಡಿ ನೋಡಬೇಕಾದ್ದು ಬಹಳ ಇದೆ, ಅದರಲ್ಲಿ ಹೆಚ್ಚಿನದಕ್ಕೆ ಪಾನಾ ಕೂಡ ಬೇಕಿಲ್ಲ.

ಮೊದಲು ಒಳಗೆ ಆಗುವುದೇನು ಅಂತ ತಿಳಿಯಿರಿ. ಈ ಗಾಡಿಗಳಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಎಣ್ಣೆಯೇ ಬಲ ದಾಟಿಸುತ್ತದೆ, ಅದಕ್ಕೇ ಗೇರಿನಲ್ಲಿ ನಿಂತರೂ ಇಂಜಿನ್ ಓಡುತ್ತಿರುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಮಾತ್ರ ಪೆಟ್ರೋಲ್ ಉಳಿಯಲೆಂದು ಲಾಕಪ್ ಕ್ಲಚ್ ಎರಡನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಬ್ರೇಕ್ ತುಳಿದಾಗ, ವೇಗ ಇಳಿದಾಗ ಗಾಡಿಯ ಕಂಪ್ಯೂಟರ್ ಸೊಲೆನಾಯ್ಡ್ ಮೂಲಕ ಅದನ್ನು ಬಿಡಿಸಬೇಕು. ಸೊಲೆನಾಯ್ಡ್ ಒಳಗೆ ಸಿಕ್ಕಿಕೊಂಡರೆ ಲಾಕಪ್ ಬಿಡುವುದಿಲ್ಲ. ಮ್ಯಾನ್ಯುವಲ್ ಗಾಡಿಯನ್ನು ಕ್ಲಚ್ ತುಳಿಯದೆ ನಿಲ್ಲಿಸಿದರೆ ಏನಾಗುತ್ತದೋ ಅದೇ ಆಗುತ್ತದೆ.

ಎಣ್ಣೆ ಬಿಸಿಯಾಗುವ ತನಕ ಲಾಕಪ್ ಹಿಡಿಯುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಓಣಿಯೊಳಗೆ ಸುತ್ತಿದರೆ ತೊಂದರೆ ಕಾಣದು. ಧಾರವಾಡದ ಕಡೆಯಿಂದ ಸತ್ತೂರು, ನವಲೂರು, ರಾಯಾಪುರ ದಾಟಿ 60ರ ವೇಗದಲ್ಲಿ ಬಂದು ಮೊದಲ ಸಿಗ್ನಲ್‌ಗೆ ನಿಂತಾಗ ಕಾಣುತ್ತದೆ. ತಣ್ಣಗಿನ ಗಾಡಿಯನ್ನು ಊರೊಳಗಿನ ಗೋಕುಲ ರೋಡಿನಲ್ಲಿ ಒಂದು ಸುತ್ತು ಹೊಡೆಸಿ "ಸರಿ ಐತಿ" ಅನ್ನುವ ಟ್ರಯಲ್‌ಗೆ ಬೆಲೆ ಇಲ್ಲ.

ಗಾಡಿ ಹೇಗೆ ಬಂದ್ ಬೀಳುತ್ತದೆ ಅನ್ನುವುದನ್ನು ಕಣ್ಣಿಟ್ಟು ನೋಡಿ. ಲಾಕಪ್ ಬಿಡದಿದ್ದರೆ ಆರ್‌ಪಿಎಂ (ಇಂಜಿನ್ ವೇಗ) ತೋರಿಸುವ ಮುಳ್ಳು ಗಾಡಿಯ ವೇಗಕ್ಕೇ ಕಟ್ಟಿಹಾಕಿದಂತೆ ಅದರ ಜೊತೆಗೇ ಇಳಿಯುತ್ತದೆ, ಕೊನೆಗೆ ಸೀಟು, ಸ್ಟೇರಿಂಗ್ ಎಲ್ಲ ಜಗ್ಗಿ ನಿಲ್ಲುತ್ತದೆ. ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದೆ ಇಂಜಿನ್ ಓಡುವುದು) ಕೆಟ್ಟಿದ್ದರೆ ಜಗ್ಗಾಟ ಇರುವುದಿಲ್ಲ. ಮುಳ್ಳು 800, 500, 300 ಅಂತ ಸದ್ದಿಲ್ಲದೆ ಮುಳುಗುತ್ತದೆ. ಈ ವ್ಯತ್ಯಾಸವನ್ನು ಮಿಸ್ತ್ರಿಗೆ ಬಾಯಿಬಿಟ್ಟು ಹೇಳಿ.

ಆಮೇಲೆ ಎನ್ (ನ್ಯೂಟ್ರಲ್) ಪರೀಕ್ಷೆ. 20 ನಿಮಿಷ ಓಡಿಸಿ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ವೇಗ 30ಕ್ಕೆ ಇಳಿದಾಗ ಲಿವರನ್ನು ಡಿ (ಡ್ರೈವ್) ಯಿಂದ ಎನ್‌ಗೆ ತಂದು ನಿಲ್ಲಿಸಿ. ಎನ್‌ನಲ್ಲೂ ಬಂದ್ ಬಿದ್ದರೆ ಗೇರ್‌ಬಾಕ್ಸಿನ ಮಾತೇ ಬೇಡ. ಎನ್‌ನಲ್ಲಿ ಉಳಿಯಿತು ಅಂದಮಾತ್ರಕ್ಕೆ ಲಾಕಪ್ಪೇ ಅಂತಲೂ ಅಲ್ಲ, ಡಿಯಲ್ಲಿ ಇಂಜಿನ್ನಿನ ಮೇಲೆ ಭಾರ ಹೆಚ್ಚು. ಅದಕ್ಕೇ ನಿಂತಲ್ಲಿಯೇ ಬ್ರೇಕ್ ತುಳಿದು, ಎಸಿ ಹಾಕಿ, ಪಿ (ಪಾರ್ಕಿಂಗ್) ಯಿಂದ ಡಿಗೆ ತಂದು ಎರಡು ನಿಮಿಷ ನೋಡಿ. ಮುಳ್ಳು ಸ್ವಲ್ಪ ತಗ್ಗಿ 700ರ ಆಸುಪಾಸು ನಿಂತರೆ ಐಡ್ಲಿಂಗ್ ಚೆನ್ನಾಗಿದೆ. ನಿಂತಾಗ ಸರಿ, ಓಡಿ ಬಂದು ನಿಲ್ಲುವಾಗ ಮಾತ್ರ ಬಂದ್ ಅಂದರೆ ಅನುಮಾನ ಲಾಕಪ್ಪಿನ ಮೇಲೆ.

ಖಚಿತ ಮಾಡಿಕೊಳ್ಳಲು ಇಗ್ನಿಷನ್ ಆಫ್ ಮಾಡಿ ಲಾಕಪ್ ಸೊಲೆನಾಯ್ಡಿನ ವೈರ್ ಕನೆಕ್ಟರ್ ಕಿತ್ತು, ಕಾದ ಗಾಡಿಯನ್ನೇ ಐದಾರು ಕಿಲೋಮೀಟರ್ ಓಡಿಸಿ. ಮೀಟರಿನಲ್ಲಿ ಎಚ್ಚರಿಕೆ ದೀಪ ಬರುತ್ತದೆ, ಕೆಲವು ಗಾಡಿ ಒಂದೇ ಗೇರಿನಲ್ಲಿ ಉಳಿಯಬಹುದು, ಗಾಬರಿ ಬೇಡ. ಬಂದ್ ಬೀಳುವುದು ನಿಂತರೆ ತಪ್ಪು ಸಿಕ್ಕಿತು. ನಿಲ್ಲದಿದ್ದರೂ ಸೊಲೆನಾಯ್ಡನ್ನು ಲೆಕ್ಕದಿಂದ ತೆಗೆಯಬೇಡಿ, ಕಸ ಸಿಕ್ಕು ವಾಲ್ವ್ ತೆರೆದೇ ಉಳಿದಿದ್ದರೆ ವೈರ್ ಕಿತ್ತರೂ ಮುಚ್ಚುವುದಿಲ್ಲ. ಹೋಂಡಾದ ಹಳೆ ಆಟೋಮ್ಯಾಟಿಕ್‌ಗಳಲ್ಲಿ ಇದು ಹೊರಗೇ ಕೈಗೆ ಸಿಗುತ್ತದೆ, ಓಮ್ (ವಿದ್ಯುತ್ ರೋಧ) ಅಳೆಯುವ ಮೀಟರ್ ಹಚ್ಚಿದರೆ 12ರಿಂದ 25 ಓಮ್ ತೋರಿಸಬೇಕು. ಆದರೆ ಓಮ್ ಸರಿ ಬಂದರೆ ಸೊಲೆನಾಯ್ಡ್ ಸರಿ ಅಂತಲ್ಲ. ಮೇಲೆ ಹೇಳಿದ ಗಾಡಿಯಲ್ಲೂ ಓಮ್ ಸರಿಯಿತ್ತು, ಕಾದ ಮೇಲೆ ಒಳಗಿನ ವಾಲ್ವ್ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿದಾಗ ಅದರ ಬುಡದ ಸಣ್ಣ ಜಾಲರಿ ನೋಡಿ, ಕಪ್ಪು ಕೆಸರು ಕೂತಿದ್ದರೆ ತೊಳೆಯಿರಿ, ಗ್ಯಾಸ್ಕೆಟ್ ಹೊಸದೇ ಹಾಕಿ. ಉಳಿದ ಹಲವು ಕಂಪನಿಗಳಲ್ಲಿ ಸೊಲೆನಾಯ್ಡ್ ಗೇರ್‌ಬಾಕ್ಸಿನೊಳಗೆ, ಎಣ್ಣೆಯ ದಾರಿಗಳಿರುವ ವಾಲ್ವ್ ಬಾಡಿ ಮೇಲಿರುತ್ತದೆ. ಅಲ್ಲೂ ಸಾಮಾನ್ಯವಾಗಿ ಎಣ್ಣೆ ಪ್ಯಾನ್ ಅಥವಾ ಮುಚ್ಚಳ ಬಿಚ್ಚಿದರೆ ಸಾಕು, ಇಡೀ ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದನ್ನೂ ಬದಲಿಸಿ, ಕಂಪನಿ ಹೇಳಿದ ದರ್ಜೆಯದೇ ಆಗಬೇಕು. ಒಮ್ಮೆ ಡ್ರೇನ್ ಮಾಡಿದರೆ ಎಲ್ಲ ಎಣ್ಣೆ ಇಳಿಯುವುದಿಲ್ಲ, ಬಹಳಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ನಡುವೆ ಕೆಲವು ದಿನ ಓಡಿಸಿ ಎರಡು ಮೂರು ಸಲ ಡ್ರೇನ್ ಮಾಡಿಸುವುದು ಒಳ್ಳೆಯದು.

ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಹೊತ್ತಿಸುವ ಬ್ರೇಕ್ ಸ್ವಿಚ್ ಮರೆಯಬೇಡಿ. ಲಾಕಪ್ ಬಿಡಿಸುವ ಸುದ್ದಿ ಅಲ್ಲಿಂದಲೂ ಹೋಗುತ್ತದೆ. ಸಂಜೆ ಗಾಡಿಯ ಹಿಂಭಾಗ ಕಾಂಪೌಂಡ್ ಗೋಡೆ ಕಡೆ ಮಾಡಿ ಬ್ರೇಕ್ ತುಳಿಯಿರಿ, ಕನ್ನಡಿಯಲ್ಲಿ ಗೋಡೆ ಕೆಂಪಾಗಬೇಕು.

ಐಡ್ಲಿಂಗ್ ಕಡೆ ಅನುಮಾನವಿದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವಿನ ಕಾರ್ಬನ್ ತೊಳೆಸುವುದು ಮೊದಲ ಕೆಲಸ, ಒಡೆದ ವ್ಯಾಕ್ಯೂಮ್ ಪೈಪ್ ಹುಡುಕುವುದು ಎರಡನೆಯದು. ಇಂಜಿನ್ನಿನ ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿನ ಒಳಪೊರೆ ಹರಿದರೂ ಬ್ರೇಕ್ ತುಳಿದ ಕೂಡಲೇ ಇಂಜಿನ್ ಬಂದ್ ಬೀಳುತ್ತದೆ, ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ನಿಂತ ಗಾಡಿಯಲ್ಲಿ ಪೆಡಲ್ ತುಳಿದಾಗ ಉಸ್ ಅನ್ನುವ ಸದ್ದು ನಿಲ್ಲದೆ ಬಂದು ಆರ್‌ಪಿಎಂ ಬಿದ್ದರೆ ಬೂಸ್ಟರೇ.

2010ಕ್ಕಿಂತ ಹಿಂದಿನ ಗಾಡಿಗಳಿಗೆ ನಮ್ಮಲ್ಲಿ ಓಬಿಡಿ (ಗಾಡಿ ತನ್ನ ತಪ್ಪನ್ನು ತಾನೇ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ) ಕಡ್ಡಾಯವಿರಲಿಲ್ಲ. ಅಗ್ಗದ ಸ್ಕ್ಯಾನರ್ ಕೂಡದಿದ್ದರೆ, ಅಥವಾ ಕೋಡ್ ಬರದಿದ್ದರೆ, ತಪ್ಪೇ ಇಲ್ಲ ಅಂದುಕೊಳ್ಳಬೇಡಿ. ಎಎಂಟಿ (ಮ್ಯಾನ್ಯುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರನ್ನು ಯಂತ್ರವೇ ಬದಲಿಸುವ) ಗಾಡಿಗೆ ಟಾರ್ಕ್ ಕನ್ವರ್ಟರೇ ಇಲ್ಲ, ಈ ಲಾಕಪ್ ಮಾತು ಅದಕ್ಕೆ ಹೊಂದದು.

ಪರೀಕ್ಷೆ ಮಾಡುವಾಗ ಚಲಿಸುತ್ತಲೇ ಬಂದ್ ಬಿದ್ದರೆ ಸ್ಟೇರಿಂಗ್ ಭಾರವಾಗುತ್ತದೆ, ಬೂಸ್ಟರಿನಲ್ಲಿ ಒಂದೆರಡು ಸಲ ತುಳಿಯುವಷ್ಟೇ ಬಲ ಉಳಿದಿರುತ್ತದೆ. ಪೆಡಲನ್ನು ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೀ ತೆಗೆಯಬೇಡಿ, ಎನ್‌ಗೆ ತಂದು ಸ್ಟಾರ್ಟ್ ಮಾಡಿ.

ಇಷ್ಟಾದ ಮೇಲೂ ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರೆ, ಸೊಲೆನಾಯ್ಡ್ ಹೊಸದು ಅಂತ ಎಸ್ಟಿಮೇಟಿನಲ್ಲಿ ಬರೆಸಿ, ಹಳೆಯದನ್ನು ಕೈಗೆ ಇಸಿದುಕೊಳ್ಳಿ. ಹಣ ಕೊಡುವ ಮೊದಲು ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾರವಾಡದ ತನಕ ಹೋಗಿ, ಬರುವಾಗ ಪ್ರತಿ ಸಿಗ್ನಲ್‌ನಲ್ಲಿ ಡಿಯಲ್ಲೇ ನಿಲ್ಲಿಸಿ ನೋಡಿ.