ಮಗುವಿನ ತಲೆ ಮೇಲಿದ್ದರೆ: ಮಾಕ್ಸಾ ಕಾವೋ, ವೈದ್ಯರ ಕೈಯೋ?

ಬಸುರಿನ 33ನೇ ವಾರದ ಸ್ಕ್ಯಾನಿನಲ್ಲಿ ತಲೆ ಇನ್ನೂ ಮೇಲಿದೆ ಎಂದರೆ ಗಾಬರಿಯಾಗಬೇಡಿ. ಎಷ್ಟೋ ಮಕ್ಕಳು ತಾವಾಗಿಯೇ ತಲೆ ಕೆಳಗಾಗುವಂತೆ ತಿರುಗುತ್ತವೆ.

ಚೀನೀ ವೈದ್ಯದ ದಾರಿ ಮಾಕ್ಸಿಬಷನ್, ಅಂದರೆ ಮಾಕ್ಸಾ ಕಾವು. ನಮ್ಮ ದವನದ ಕುಲದ್ದೇ ಒಂದು ಗಿಡದ ಒಣ ಎಲೆಯನ್ನು ಬತ್ತಿಯಂತೆ ಸುತ್ತಿ, ತುದಿ ಕೆಂಡವಾದ ಮೇಲೆ ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಯ ಹತ್ತಿರ ಹಿಡಿಯುತ್ತಾರೆ. ಚರ್ಮಕ್ಕೆ ತಾಗಿಸುವುದಿಲ್ಲ, ಹಿತವಾದ ಕಾವು ಅಷ್ಟೇ. ಕಿಟಕಿ ತೆರೆದಿರಲಿ, ಹೊಗೆ ದಟ್ಟ. 1998ರಲ್ಲಿ ಪ್ರಕಟವಾದ ಚೀನಾದ ಜಿಯಾಂಗ್ಶಿ ಪ್ರಾಂತ್ಯದ ಅಧ್ಯಯನದಲ್ಲಿ ಈ ಕಾವು ಪಡೆದ 130 ಚೊಚ್ಚಲ ಬಸುರಿಯರಲ್ಲಿ 98 ಮಂದಿಯ ಮಗು 35ನೇ ವಾರಕ್ಕೆ ತಿರುಗಿತ್ತು. ಪಡೆಯದ 130ರಲ್ಲಿ 62. ಆಮೇಲಿನ ಅಧ್ಯಯನಗಳೆಲ್ಲ ಇಷ್ಟು ಚೆನ್ನಾಗಿ ಬರಲಿಲ್ಲ.

ಇನ್ನೊಂದು ದಾರಿ ಇಸಿವಿ (ಎಕ್ಸ್‌ಟರ್ನಲ್ ಸೆಫಾಲಿಕ್ ವರ್ಷನ್). 36–37ನೇ ವಾರದಲ್ಲಿ, ಆಸ್ಪತ್ರೆಯಲ್ಲಿ, ವೈದ್ಯರು ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ಹೊರಳಿಸುತ್ತಾರೆ. ನೋವಿರುತ್ತದೆ, ಸುಮಾರು ಅರ್ಧದಷ್ಟು ಸಲ ಫಲಿಸುತ್ತದೆ. 200ರಲ್ಲಿ ಒಬ್ಬರಿಗೆ ತುರ್ತು ಸಿಸೇರಿಯನ್ ಬೇಕಾಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಹೆರಿಗೆ ವೈದ್ಯರಿಗೆ ತಿಳಿಸಿ ಮೊದಲು ಮಾಕ್ಸಾ ನೋಡಿ; ತಿರುಗದಿದ್ದರೆ ಇಸಿವಿಗೆ ಇನ್ನೂ ಸಮಯವಿರುತ್ತದೆ. ಅವಳಿ, ರಕ್ತಸ್ರಾವ, ಕೆಳಗಿಳಿದ ಮಾಸು ಇದ್ದರೆ ಮಾತ್ರ ಮನೆಯಲ್ಲಿ ಬತ್ತಿ ಹಚ್ಚಲೇಬೇಡಿ.