ಒಂದೇ ಟಿವಿ, ಎರಡು ಪೆಟ್ಟಿಗೆ: ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ

2007ರ ಕೊನೆಯ ಚಳಿಗಾಲದಲ್ಲಿ, ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಗ, ನಮ್ಮ ಟಿವಿಯ ಕೆಳಗಿನ ಹಲಗೆಯ ಮೇಲೆ ಪರಸ್ಪರ ವೈರಿಗಳಾದ ಎರಡು ಪ್ಲೇಯರ್‌ಗಳು ಅಕ್ಕಪಕ್ಕದಲ್ಲಿದ್ದವು: ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಹೊಸ ಡಿಸ್ಕ್ ತಾನೇ ಆಗಬೇಕೆಂದು ಸೆಣಸುತ್ತಿದ್ದ ಎಚ್‌ಡಿ ಡಿವಿಡಿಯದು ಒಂದು, ಬ್ಲೂ-ರೇಯದು ಇನ್ನೊಂದು. ಎಚ್‌ಡಿ ಡಿವಿಡಿ ಪ್ಲೇಯರನ್ನು ನಾನು ತಂದದ್ದು ಬೆಲೆಗೆ ಮಾರುಹೋಗಿ. 2006ರ ಏಪ್ರಿಲ್‌ನಲ್ಲಿ 499 ಡಾಲರ್‌ನಿಂದ ಆರಂಭವಾಗಿದ್ದ ಟೊಶಿಬಾದ ಪ್ಲೇಯರ್‌ಗಳ ಪೈಕಿ ಒಂದು ಮಾದರಿಯನ್ನು 2007ರ ನವೆಂಬರ್‌ನಲ್ಲಿ ಕೆಲವು ಅಂಗಡಿಗಳು ನೂರು ಡಾಲರ್‌ಗಿಂತ ಕಡಿಮೆಗೆ ಮಾರಿದವು. ಬ್ಲೂ-ರೇ ಮಾತ್ರ ನಾನು ಬಯಸಿ ತಂದದ್ದಲ್ಲ. ಮಗನ ಹಟಕ್ಕೆ ಮಣಿದು 399 ಡಾಲರ್ ಕೊಟ್ಟು ಸೋನಿಯ ವಿಡಿಯೊ ಗೇಮ್ ಪೆಟ್ಟಿಗೆ ಪ್ಲೇಸ್ಟೇಷನ್ 3 ಕೊಂಡೆವು, ಅದರೊಳಗೆ ಬ್ಲೂ-ರೇ ತಾನಾಗಿಯೇ ಮನೆ ಹೊಕ್ಕಿತು. ಬ್ಲೂ-ರೇಯ ಮುಂದಾಳಾದ ಸೋನಿಯ ಲೆಕ್ಕಾಚಾರವೂ ಇದೇ ಆಗಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

ಮೊದಲು ಚಿತ್ರದ ಗುಣಮಟ್ಟವನ್ನು ನೋಡಿದೆ. ಬಿಬಿಸಿಯ ‘ಪ್ಲಾನೆಟ್ ಅರ್ಥ್’ ಸರಣಿ ಆ ವರ್ಷ ಎರಡೂ ರೂಪಗಳಲ್ಲಿ ಬಂದಿದ್ದರಿಂದ, ಒಂದನ್ನು ಕೊಂಡು ಇನ್ನೊಂದನ್ನು ಬಾಡಿಗೆಗೆ ತರಿಸಿ, ಒಂದೇ ದೃಶ್ಯವನ್ನು ಎರಡರಲ್ಲೂ ಹಾಕಿ, ಟಿವಿಯ ಇನ್‌ಪುಟ್ ಬದಲಿಸುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿ, ನಾನು ಎಂಟು ಅಡಿ ದೂರದ ಸೋಫಾದಲ್ಲಿ ಕಣ್ಣು ಮುಚ್ಚಿ ತೆರೆದು ಊಹಿಸತೊಡಗಿದೆ. ಹತ್ತು ಸಲದಲ್ಲಿ ಐದು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ನಮ್ಮದು 42 ಇಂಚಿನ ಪ್ಲಾಸ್ಮಾ, ಅದರಲ್ಲಿ ಅಡ್ಡ ಗೆರೆಗಳು ಇದ್ದದ್ದೇ 768. ಹಾಗಾಗಿ 1080 ಗೆರೆಗಳ ಚಿತ್ರದ ಬಗ್ಗೆ ನಡೆಯುತ್ತಿದ್ದ ವಾಗ್ವಾದವೆಲ್ಲ ನಮ್ಮ ಪಡಸಾಲೆಗೆ ಅನ್ವಯಿಸುತ್ತಿರಲಿಲ್ಲ. ಮೊದಲ ವರ್ಷದ ಹಲವು ಬ್ಲೂ-ರೇಗಳಲ್ಲಿ ಚಿತ್ರದ ದತ್ತಾಂಶವನ್ನು ಕಿರಿದಾಗಿಸಲು ಹಳೆಯ ಎಂಪೆಗ್-2 ವಿಧಾನವನ್ನೇ ಬಳಸಿದ್ದರಿಂದ ಆಗ ಎಚ್‌ಡಿ ಡಿವಿಡಿಯ ಪರ ನಿಂತವರ ಮಾತಿಗೆ ತೂಕವಿತ್ತು; ನಾನು ಹೋಲಿಸುವ ಹೊತ್ತಿಗೆ ಆ ಅಂತರ ಅಳಿಸಿಹೋಗಿತ್ತು.

ಡಿಸ್ಕನ್ನು ಕೈಯಲ್ಲಿ ಹಿಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಎರಡನ್ನೂ ಓದುವುದು 405 ನ್ಯಾನೊಮೀಟರ್‌ನ ನೀಲಿ-ನೇರಳೆ ಲೇಸರ್. ಆದರೆ ಎಚ್‌ಡಿ ಡಿವಿಡಿಯಲ್ಲಿ ದತ್ತಾಂಶದ ಪದರವು ಸಾಮಾನ್ಯ ಡಿವಿಡಿಯಂತೆ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದ್ದರೆ, ಬ್ಲೂ-ರೇಯಲ್ಲಿ ಕೇವಲ 0.1 ಮಿಲಿಮೀಟರ್ ಒಳಗಿದೆ. ಅಷ್ಟು ಹತ್ತಿರ ಇರುವುದರಿಂದಲೇ ಲೇಸರನ್ನು ಇನ್ನೂ ಸಣ್ಣ ಚುಕ್ಕೆಯಾಗಿಸಿ ಪದರವೊಂದಕ್ಕೆ 25 ಗಿಗಾಬೈಟ್ ತುಂಬಲು ಸಾಧ್ಯವಾಯಿತು; ಎಚ್‌ಡಿ ಡಿವಿಡಿಯದು 15ಕ್ಕೆ ನಿಂತಿತು. ಅದರ ಲಾಭ ಬೇರೆಡೆಯಿತ್ತು: ಹಳೆಯ ಡಿವಿಡಿ ಕಾರ್ಖಾನೆಗಳನ್ನೇ ಸ್ವಲ್ಪ ಮಾರ್ಪಡಿಸಿ ಅದನ್ನು ತಯಾರಿಸಬಹುದಿತ್ತು. ಬ್ಲೂ-ರೇಯ ತೆಳು ಹೊದಿಕೆಗೆ ಗಟ್ಟಿ ಲೇಪನ ಬೇಕಾಯಿತು, ಆ ಲೇಪನವೇ ನಮ್ಮ ಮನೆಯಲ್ಲಿ ಅದನ್ನು ಕಾಪಾಡಿತು. ಮಗಳು ಚಕ್ಕುಲಿ ತಿಂದ ಕೈಯಲ್ಲಿ ಹಿಡಿದ ಡಿಸ್ಕನ್ನು ನಾನು ಪಂಚೆಯ ಸೆರಗಿನಿಂದ ಒರೆಸಿದರೂ ಒಂದು ಗೀರು ಬೀಳಲಿಲ್ಲ. ಬಾಡಿಗೆಗೆ ಬಂದ ಎಚ್‌ಡಿ ಡಿವಿಡಿಗಳಾದರೋ ಕೂದಲೆಳೆಯ ಗೀರುಗಳನ್ನು ಹೊತ್ತುಕೊಂಡೇ ಬರುತ್ತಿದ್ದವು. ಒಂದಂತೂ ಮೂರು ಬಾರಿ ಹಾಕಿದರೂ ಒಂದೇ ದೃಶ್ಯದಲ್ಲಿ ನಿಂತುಬಿಟ್ಟಿತು.

ವೇಗದಲ್ಲಿ ಪ್ಲೇಸ್ಟೇಷನ್‌ಗೆ ಸಾಟಿಯಿರಲಿಲ್ಲ. ಡಿಸ್ಕ್ ಹಾಕಿ ಕಾಫಿ ಬೆರೆಸಿ ತರುವಷ್ಟು ಬಿಡುವನ್ನು ಇನ್ನೊಂದು ಪೆಟ್ಟಿಗೆ ಕೊಡುತ್ತಿತ್ತು.

ಆದರೂ ನಿಯಮಗಳ ವಿಷಯಕ್ಕೆ ಬಂದರೆ, ಗ್ರಾಹಕನ ಪಕ್ಷ ವಹಿಸಿದ್ದು ಎಚ್‌ಡಿ ಡಿವಿಡಿ ಎಂದೇ ನನ್ನ ಅಭಿಪ್ರಾಯ. ಇಂಟರ್‌ನೆಟ್ ಕಿಂಡಿ, ಚಿತ್ರದೊಳಗೆ ಚಿತ್ರ ತೋರಿಸುವ ಎರಡನೆಯ ಡಿಕೋಡರ್ ಇವೆಲ್ಲ ಅದರ ಪ್ರತಿಯೊಂದು ಪ್ಲೇಯರ್‌ನಲ್ಲೂ ಮೊದಲ ದಿನದಿಂದಲೇ ಕಡ್ಡಾಯವಾಗಿದ್ದವು. ಬ್ಲೂ-ರೇ ಅದೇ ಸೌಲಭ್ಯಗಳನ್ನು 1.0, 1.1, 2.0 ಎಂದು ಕಂತುಗಳಲ್ಲಿ ಕೊಟ್ಟಿತು. 2006ರಲ್ಲಿ ಸಾವಿರ ಡಾಲರ್ ತೆತ್ತು ಬ್ಲೂ-ರೇ ಪ್ಲೇಯರ್ ಕೊಂಡವರಿಗೆ ಎರಡನೆಯ ಕಂತೂ ದಕ್ಕಲಿಲ್ಲ, ಪ್ಲೇಸ್ಟೇಷನ್ ಮಾತ್ರ ಸಾಫ್ಟ್‌ವೇರ್ ಬದಲಿಸಿಕೊಂಡು ಮೂರನ್ನೂ ಮುಟ್ಟಿತು.

ನಮ್ಮಂಥ ಪರದೇಶವಾಸಿಗಳಿಗೆ ಇನ್ನೂ ಮುಖ್ಯವಾದದ್ದು, ಒಂದು ಪ್ರಾಂತ್ಯದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ತಡೆಯುವ ಪ್ರಾಂತ್ಯದ ಬೀಗ. ಎಚ್‌ಡಿ ಡಿವಿಡಿಗೆ ಅದು ಇರಲೇ ಇಲ್ಲ. ಬ್ಲೂ-ರೇಯಲ್ಲಿ ಅಮೆರಿಕ ಎ ವಲಯ, ಭಾರತ ಸಿ ವಲಯ. ಬೀಗ ಹಾಕುವುದೂ ಬಿಡುವುದೂ ಆಯಾ ಸ್ಟುಡಿಯೊದ ಇಷ್ಟಕ್ಕೆ ಬಿಟ್ಟದ್ದು. ಮುಂದೆ ಮೈಸೂರಿನಲ್ಲಿ ಅಣ್ಣ ಬ್ಲೂ-ರೇ ಪ್ಲೇಯರ್ ಕೊಂಡಾಗ ಕೊಟ್ಟು ಬರೋಣವೆಂದು ನಾನು ಒಯ್ದ ಆರು ಡಿಸ್ಕ್‌ಗಳಲ್ಲಿ ಎರಡು ಓಡಲು ನಿರಾಕರಿಸಿದವು. “ನಿನ್ನ ಅಮೆರಿಕದ ತಟ್ಟೆಗೆ ನಮ್ಮನೇಲಿ ವೀಸಾ ಇಲ್ಲ ಕಣೋ,” ಎಂದು ಅಣ್ಣ ಇಂದಿಗೂ ಹಂಗಿಸುತ್ತಾನೆ.

ಇಷ್ಟಿದ್ದರೂ ನಮ್ಮ ಬಡಾವಣೆಯ ಬಹುಪಾಲು ಜನ ಎರಡರಲ್ಲಿ ಯಾವುದನ್ನೂ ಕೊಳ್ಳಲಿಲ್ಲ. ಯಾವುದು ಸೋಲುತ್ತದೋ ಅದಕ್ಕೆ ದುಡ್ಡು ಸುರಿದವರಾಗುತ್ತೇವೆ ಎಂಬ ಅಳುಕು ಒಂದು ಕಡೆ. ಡಿಸ್ನಿ, ಫಾಕ್ಸ್ ಚಿತ್ರಗಳು ಬ್ಲೂ-ರೇಯಲ್ಲಿ ಮಾತ್ರ, ಯೂನಿವರ್ಸಲ್ ಚಿತ್ರಗಳು ಎಚ್‌ಡಿ ಡಿವಿಡಿಯಲ್ಲಿ ಮಾತ್ರ, ಆಗಸ್ಟ್‌ನಿಂದ ಪ್ಯಾರಾಮೌಂಟ್ ಕೂಡ ಅತ್ತಲೇ ಎಂಬ ಕಿರಿಕಿರಿ ಇನ್ನೊಂದು ಕಡೆ. ಇವೆರಡಕ್ಕಿಂತ ದೊಡ್ಡ ಎದುರಾಳಿ ಹಳೆಯ ಡಿವಿಡಿಯೇ ಆಗಿತ್ತು. ಇಂಡಿಯನ್ ಅಂಗಡಿಯಲ್ಲಿ ಬೇಳೆ, ಸಾಂಬಾರ್ ಪುಡಿಯ ಜೊತೆ ತರುತ್ತಿದ್ದ ಕನ್ನಡ ಚಿತ್ರಗಳೆಲ್ಲ ಡಿವಿಡಿಯಲ್ಲೇ ಇದ್ದವು, ಮತ್ತು ನನ್ನ ನೂರು ಡಾಲರಿನ ಪೆಟ್ಟಿಗೆ ಅವುಗಳನ್ನು ಹಿಗ್ಗಿಸಿ ತೋರಿಸುವ ಕೆಲಸವನ್ನು ಪ್ಲೇಸ್ಟೇಷನ್‌ಗಿಂತ ಚೊಕ್ಕವಾಗಿ ಮಾಡುತ್ತಿತ್ತು. ಅದನ್ನು ಕಂಡ ನೆರೆಯವರು ಹೊಸ ಡಿಸ್ಕ್ ಏಕೆ ಬೇಕೆಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

2008ರ ಜನವರಿ 4ರಂದು, ಅದುವರೆಗೆ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದ ವಾರ್ನರ್ ಚಿತ್ರಸಂಸ್ಥೆ ಇನ್ನು ಬ್ಲೂ-ರೇ ಮಾತ್ರ ಎಂದಿತು. ಫೆಬ್ರವರಿಯಲ್ಲಿ ವಾಲ್‌ಮಾರ್ಟ್ ಅದೇ ದಾರಿ ಹಿಡಿಯಿತು, 19ರಂದು ಎಚ್‌ಡಿ ಡಿವಿಡಿಯ ಮುಂದಾಳಾದ ಟೊಶಿಬಾ ಕೈಚೆಲ್ಲಿತು. ಆ ವಾರಾಂತ್ಯ ಅಂಗಡಿಯ ಮೂಲೆಯ ತೊಟ್ಟಿಯಲ್ಲಿ ಎಚ್‌ಡಿ ಡಿವಿಡಿಯ ಕೆಂಪು ಡಬ್ಬಿಗಳನ್ನು ರಾಶಿ ಹಾಕಿದ್ದರು. ನಾನು ಒಂಬತ್ತು ಆರಿಸಿ ತಂದೆ. ಈಗ ಅವು ಮೈಸೂರಿನ ಅಟ್ಟದಲ್ಲಿವೆ. ಪ್ಲೇಸ್ಟೇಷನ್ ಮಗನ ಜೊತೆ ಕಾಲೇಜಿಗೆ ಹೋಯಿತು, ಸೋತ ಪೆಟ್ಟಿಗೆಯಲ್ಲಿ ಹೆಂಡತಿ ಹಳೆಯ ಕನ್ನಡ ಡಿವಿಡಿಗಳನ್ನು ಇನ್ನೂ ಹಾಕುತ್ತಾಳೆ.